ಪಾದದ ಉರಿಗೆ ಕ್ಯಾಪ್ಸೂಲ್: ಕೊಳ್ಳುವ ಮುಂಚೆ ಸ್ಟ್ರಿಪ್ ತಿರುಗಿಸಿ ಓದಿ

ರಾತ್ರಿ ಮಲಗಿದ ಮೇಲೆ ಪಾದ ಉರಿಯುತ್ತದೆ, ಹೊದಿಕೆ ತಾಗಿದರೂ ಸಹಿಸಲಾಗುವುದಿಲ್ಲ. ಬೆರಳ ತುದಿಯಲ್ಲಿ ಸೂಜಿ ಚುಚ್ಚಿದ ಹಾಗೆ, ಇರುವೆ ಹರಿದ ಹಾಗೆ ಆಗುತ್ತದೆ. ಸಕ್ಕರೆ ಕಾಯಿಲೆಯವರು ಮೆಡಿಕಲ್ ಶಾಪಿಗೆ ಹೋಗಿ ಇಷ್ಟು ಹೇಳಿದರೆ ಸಾಕು, ಬಹಳ ಕಡೆ ‘ನರಕ್ಕೆ ಶಕ್ತಿ ಕೊಡುವ’ ಕೆಂಪು ಕ್ಯಾಪ್ಸೂಲಿನ ಸ್ಟ್ರಿಪ್ ಒಂದು ಕೈಗೆ ಬರುತ್ತದೆ. ಅದರಲ್ಲಿ ಆ್ಯಂಟಿಆಕ್ಸಿಡೆಂಟ್ ಇದೆ, ಸೈಡ್ ಎಫೆಕ್ಟ್ ಇಲ್ಲ, ದಿನಕ್ಕೊಂದು ನುಂಗಿ ಎಂಬ ಮಾತೂ ಜೊತೆಗೆ ಬರುತ್ತದೆ. ಆಮೇಲೆ ಅದು ತಿಂಗಳ ದಿನಸಿ ಪಟ್ಟಿಗೆ ಸೇರಿಬಿಡುತ್ತದೆ, ವರ್ಷಗಟ್ಟಲೆ ನಿಲ್ಲುವುದಿಲ್ಲ.

ಈ ಲೇಖನ ಮುಖ್ಯವಾಗಿ ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ಕನ್ನಡ ಮನೆಗಳಿಗಾಗಿ. ಮನೆಯೊಳಗೆ ಕನ್ನಡ, ಬೀದಿಯಲ್ಲಿ ತಮಿಳು ಆಡುವ ದೇವಾಂಗ, ಒಕ್ಕಲಿಗ ಕುಟುಂಬಗಳು ಇಲ್ಲಿ ತಲೆಮಾರುಗಳಿಂದ ನೆಲೆಸಿವೆ. ದೇವಾಂಗರಲ್ಲಿ ಅನೇಕರ ಅನ್ನ ಇಂದಿಗೂ ನೂಲಿನಿಂದಲೇ ಹುಟ್ಟುತ್ತದೆ. ನೆಗಮಂ, ಸಿರುಮುಗೈ ಕಡೆ ಕೈಮಗ್ಗ, ಸೋಮನೂರು, ಪಲ್ಲಡಂ ಕಡೆ ಪವರ್‌ಲೂಮ್, ತಿರುಪ್ಪೂರಿನಲ್ಲಿ ಬನಿಯನ್ ಕಂಪನಿ. ಗುಂಡಿ ಮಗ್ಗದಲ್ಲಿ ಕುಳಿತವರಿಗೆ ಕಾಲೇ ಅರ್ಧ ಕೆಲಸಗಾರ. ಕೈ ಲಾಳಿ ಓಡಿಸುವಾಗ ಗುಂಡಿಯೊಳಗೆ ಬರಿಗಾಲು ಹಲಗೆ ತುಳಿಯುತ್ತಲೇ ಇರಬೇಕು, ಯಾವ ಕಾಲು ಯಾವ ಹಲಗೆಯ ಮೇಲಿದೆ ಎಂಬುದನ್ನು ಕಣ್ಣಿಂದ ನೋಡದೆ ಪಾದದಿಂದಲೇ ತಿಳಿಯಬೇಕು. ಪಾದದ ಸ್ಪರ್ಶ ಹೋದರೆ ಅವರ ಕಸುಬೇ ಕುಂಟುತ್ತದೆ. ಬನಿಯನ್ ಕಂಪನಿಯಲ್ಲಿ ಒಂದೂವರೆ ಶಿಫ್ಟು ನಿಂತೇ ಕೆಲಸ ಮಾಡುವ ಕಟಿಂಗ್, ಇಸ್ತ್ರಿ ವಿಭಾಗದವರ ಕಥೆಯೂ ಇದಕ್ಕಿಂತ ಹಗುರವಲ್ಲ. ಐಸಿಎಂಆರ್ ನಡೆಸಿ 2023ರಲ್ಲಿ ಪ್ರಕಟಿಸಿದ ದೇಶವ್ಯಾಪಿ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಸುಮಾರು 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆಯಿದೆ. ತಮಿಳುನಾಡಿನಲ್ಲಿ ವಯಸ್ಕರ ಪೈಕಿ ಶೇ. 14.4 ಮಂದಿಗೆ. ಬಹುಕಾಲ ಕಾಯಿಲೆ ಇದ್ದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರ ನರಗಳಿಗೆ ಒಂದಲ್ಲ ಒಂದು ಹಂತದ ಪೆಟ್ಟು ಬೀಳುತ್ತದೆ.

ನರ ಹಾಳಾಗುವುದು ತುದಿಯಿಂದ. ಬೆನ್ನಿನಿಂದ ಕಾಲ್ಬೆರಳವರೆಗೆ ಹೋಗುವ ನರಗಳು ಮೈಯಲ್ಲೇ ಅತಿ ಉದ್ದದವು, ಅವನ್ನು ಪೋಷಿಸುವ ರಕ್ತನಾಳಗಳು ಅತಿ ಸಣ್ಣವು. ಹಾಗಾಗಿ ತೊಂದರೆ ಎರಡೂ ಪಾದಗಳ ಬೆರಳಲ್ಲಿ ಶುರುವಾಗಿ ಕಾಲುಚೀಲ ಏರಿಸಿದಂತೆ ಮೇಲೇರುತ್ತದೆ, ಮೊಣಕಾಲ ಹತ್ತಿರ ಬರುವ ವೇಳೆಗೆ ಕೈಬೆರಳಲ್ಲೂ ಕಾಣಿಸಿಕೊಳ್ಳುತ್ತದೆ. ರಕ್ತದಲ್ಲಿ ಸಕ್ಕರೆ ಹೆಚ್ಚಾದಾಗ ಜೀವಕೋಶದೊಳಗಿನ ಮೈಟೊಕಾಂಡ್ರಿಯಾಗಳಲ್ಲಿ ಸೂಪರ್‌ಆಕ್ಸೈಡ್ ಎಂಬ ಕೆರಳಿದ ಆಮ್ಲಜನಕ ಅತಿಯಾಗಿ ಹುಟ್ಟುತ್ತದೆ. ಅದೇ ಹೊತ್ತಿಗೆ ಒಂದಷ್ಟು ಸಕ್ಕರೆ ಸಾರ್ಬಿಟಾಲ್ ಆಗಿ ಬದಲಾಗುತ್ತ, ಕೋಶದ ಸ್ವಂತ ರಕ್ಷಕವಾದ ಗ್ಲುಟಾಥಯೋನನ್ನು ಮತ್ತೆ ತುಂಬಿಕೊಳ್ಳಲು ಬೇಕಾದ ಸಾಮಗ್ರಿಯನ್ನು ಕಬಳಿಸುತ್ತದೆ. ಅಮೆರಿಕದ ಮೈಕೆಲ್ ಬ್ರೌನ್‌ಲೀ 2004ರ ಬ್ಯಾಂಟಿಂಗ್ ಉಪನ್ಯಾಸದಲ್ಲಿ ಸಕ್ಕರೆ ಕಾಯಿಲೆಯ ಬೇರೆಬೇರೆ ಹಾನಿಗಳನ್ನು ಈ ಒಂದೇ ಮೂಲಕ್ಕೆ ಜೋಡಿಸಿ ತೋರಿಸಿದರು. ಇಂಥ ಕೆರಳಿದ ಆಮ್ಲಜನಕವನ್ನು ತಣಿಸುವ ಆ್ಯಂಟಿಆಕ್ಸಿಡೆಂಟ್ ಕೊಟ್ಟರೆ ನರ ಉಳಿಯಬೇಕಲ್ಲ ಎಂಬ ಆಸೆ ಹುಟ್ಟಿದ್ದು ಇಲ್ಲಿಂದ. ಆಸೆಯಲ್ಲಿ ತಪ್ಪೇನಿಲ್ಲ. ಆದರೆ ಪ್ರಯೋಗಶಾಲೆಯಲ್ಲಿ ಸರಿಯೆನಿಸಿದ್ದು ಮನುಷ್ಯರ ಕಾಲಿನಲ್ಲೂ ನಡೆಯುತ್ತದೆಯೇ ಎಂದು ಪರೀಕ್ಷಿಸಿಯೇ ನೋಡಬೇಕು.

ಅತಿ ಹೆಚ್ಚು ಪರೀಕ್ಷೆಗೆ ಒಳಗಾದದ್ದು ಆಲ್ಫಾ ಲಿಪೊಯಿಕ್ ಆಸಿಡ್. ಇದನ್ನು 1951ರಲ್ಲಿ ಲೆಸ್ಟರ್ ರೀಡ್ ಮತ್ತು ಸಂಗಡಿಗರು ಟನ್‌ಗಟ್ಟಲೆ ಪ್ರಾಣಿ ಯಕೃತ್ತಿನಿಂದ ಕೆಲವೇ ಮಿಲಿಗ್ರಾಂ ಪ್ರತ್ಯೇಕಿಸಿ ತೆಗೆದಿದ್ದರು. ನಮ್ಮ ದೇಹವೂ ಅಲ್ಪಸ್ವಲ್ಪ ತಯಾರಿಸಿಕೊಳ್ಳುತ್ತದೆ. ಜರ್ಮನಿಯ ವೈದ್ಯರು ನರದ ತೊಂದರೆಗೆ ದಶಕಗಳಿಂದ ಇದನ್ನು ಕೊಡುತ್ತಿದ್ದಾರೆ. ಅಲ್ಲಿ ಡಾನ್ ಸೀಗ್ಲರ್ ನೇತೃತ್ವದಲ್ಲಿ ನಡೆದು 1995ರಲ್ಲಿ ಪ್ರಕಟವಾದ ಅಲಾದಿನ್ ಎಂಬ ಪ್ರಯೋಗದಲ್ಲಿ 328 ಮಂದಿಗೆ ಮೂರು ವಾರ ಡ್ರಿಪ್ ಮೂಲಕ ಔಷಧ ಕೊಟ್ಟರು. ಕೆಲವರಿಗೆ 1200 ಮಿಲಿಗ್ರಾಂ, ಕೆಲವರಿಗೆ 600, ಕೆಲವರಿಗೆ 100, ಉಳಿದವರಿಗೆ ಔಷಧವಿಲ್ಲದ ಬರಿಯ ದ್ರವ. 1200 ಮತ್ತು 600 ಪಡೆದವರಲ್ಲಿ ಉರಿ, ನೋವು ಸ್ಪಷ್ಟವಾಗಿ ಇಳಿಯಿತು. 100 ಮಿಲಿಗ್ರಾಂ ಪಡೆದವರಿಗೂ ಬರಿಯ ದ್ರವ ಪಡೆದವರಿಗೂ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಈ 100 ಎಂಬ ಅಂಕಿಯನ್ನು ನೆನಪಿಟ್ಟುಕೊಳ್ಳಿ.

2006ರ ಸಿಡ್ನಿ-2 ಪ್ರಯೋಗದಲ್ಲಿ ಇದನ್ನೇ ಮಾತ್ರೆಯಾಗಿ ಐದು ವಾರ ಕೊಟ್ಟರು. ದಿನಕ್ಕೆ 600 ಮಿಲಿಗ್ರಾಮಿಗೇ ಉರಿ ಕಡಿಮೆಯಾಯಿತು, ಅದಕ್ಕಿಂತ ಹೆಚ್ಚು ಕೊಟ್ಟರೆ ಹೆಚ್ಚಾದದ್ದು ವಾಕರಿಕೆ ಮಾತ್ರ. ಇಷ್ಟರವರೆಗೆ ಸುದ್ದಿ ಒಳ್ಳೆಯದೇ. ಆದರೆ ಐದು ವಾರ ಉರಿ ತಗ್ಗುವುದು ಬೇರೆ, ನರ ವರ್ಷಗಟ್ಟಲೆ ಉಳಿಯುವುದು ಬೇರೆ. 460 ಮಂದಿಗೆ ನಾಲ್ಕು ವರ್ಷ ದಿನವೂ 600 ಮಿಲಿಗ್ರಾಂ ಕೊಟ್ಟು ನೋಡಿದ ನೇಥನ್-1 ಪ್ರಯೋಗ 2011ರಲ್ಲಿ ಪ್ರಕಟವಾಯಿತು. ವೈದ್ಯರು ಕಾಲು ಮುಟ್ಟಿ ನೋಡುವ ಕೆಲವು ಪರೀಕ್ಷೆಗಳಲ್ಲಿ ತುಸು ಸುಧಾರಣೆ ಕಂಡರೂ ಮೊದಲೇ ಗೊತ್ತುಮಾಡಿಕೊಂಡಿದ್ದ ಮುಖ್ಯ ಅಳತೆಯಲ್ಲಿ ಔಷಧ ಗೆಲ್ಲಲಿಲ್ಲ. 2024ರಲ್ಲಿ ಕಾಕ್ರೇನ್ ಸಂಸ್ಥೆ ಆರು ತಿಂಗಳಿಗಿಂತ ಕಡಿಮೆಯಿಲ್ಲದ ಪ್ರಯೋಗಗಳನ್ನಷ್ಟೇ ಆರಿಸಿ, ಮೂರು ಪ್ರಯೋಗಗಳ 816 ಮಂದಿಯ ಮಾಹಿತಿಯನ್ನು ಒಟ್ಟಿಗೆ ತೂಗಿ ನೋಡಿತು. ಆರು ತಿಂಗಳ ನಂತರ ಲಕ್ಷಣಗಳ ಮೇಲೆ ಇದರ ಪರಿಣಾಮ ಬಹುಶಃ ಇಲ್ಲ ಅಥವಾ ತೀರಾ ಅಲ್ಪ ಎಂಬುದು ಅದರ ತೀರ್ಮಾನ.

ಈಗ ಕೈಯಲ್ಲಿರುವ ಸ್ಟ್ರಿಪ್ ತಿರುಗಿಸಿ. ಹಿಂಬದಿಯ ಹಾಳೆಯ ಮೇಲೆ ಸಣ್ಣಕ್ಷರದಲ್ಲಿ ಏನೇನು ಎಷ್ಟೆಷ್ಟು ಇದೆ ಎಂದು ಬರೆದಿರುತ್ತದೆ, ಕನ್ನಡಕ ಹಾಕಿಕೊಂಡೋ ಮಕ್ಕಳಿಂದ ಫೋನಿನಲ್ಲಿ ದೊಡ್ಡದು ಮಾಡಿಸಿಕೊಂಡೋ ಓದಿ. ನಮ್ಮ ದೇಶದಲ್ಲಿ ಬಹಳ ಮಾರಾಟವಾಗುವ ಮಿಶ್ರಣದ ಲೆಕ್ಕ ಹೀಗಿರುತ್ತದೆ: ಮೀಥೈಲ್‌ಕೋಬಾಲಮಿನ್ (ಬಿ12) 1500 ಮೈಕ್ರೊಗ್ರಾಂ, ಆಲ್ಫಾ ಲಿಪೊಯಿಕ್ ಆಸಿಡ್ 100 ಮಿಲಿಗ್ರಾಂ, ಪಿರಿಡಾಕ್ಸಿನ್ 3 ಮಿಲಿಗ್ರಾಂ, ಫೋಲಿಕ್ ಆಸಿಡ್ 1.5 ಮಿಲಿಗ್ರಾಂ. ಅಂದರೆ ಆ್ಯಂಟಿಆಕ್ಸಿಡೆಂಟ್ ಹೆಸರಿನಲ್ಲಿ ನುಂಗುತ್ತಿರುವುದು ಪ್ರಯೋಗದಲ್ಲಿ ಉರಿ ತಗ್ಗಿಸಿದ ಪ್ರಮಾಣದ ಆರನೇ ಒಂದು ಭಾಗ. ನೇರ ರಕ್ತಕ್ಕೆ ಹರಿಸಿದಾಗಲೂ ಕೆಲಸ ಮಾಡದ 100 ಮಿಲಿಗ್ರಾಂ, ಹೊಟ್ಟೆಯ ಮೂಲಕ ಹೋಗಿ ಪವಾಡ ಮಾಡುತ್ತದೆಂದು ನಂಬಲು ನನಗೆ ಕಾರಣ ಕಾಣುವುದಿಲ್ಲ. ಹಾಗಾದರೆ ದಿನಕ್ಕೆ ಆರು ನುಂಗಿದರಾಯಿತು ಎಂದುಕೊಳ್ಳಬೇಡಿ. ಆರು ಕ್ಯಾಪ್ಸೂಲಿನಲ್ಲಿ ಪಿರಿಡಾಕ್ಸಿನ್, ಅಂದರೆ ಬಿ6, 18 ಮಿಲಿಗ್ರಾಂ ಆಗುತ್ತದೆ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2023ರಲ್ಲಿ ವಯಸ್ಕರಿಗೆ ದಿನಕ್ಕೆ 12 ಮಿಲಿಗ್ರಾಂ ಎಂದು ಮೇಲ್ಮಿತಿ ಹಾಕಿದೆ. ಏಕೆಂದರೆ ಬಿ6 ಬಹುಕಾಲ ಅತಿಯಾದರೆ ತಾನೇ ನರ ಕೆಡಿಸುತ್ತದೆ, ಅದೂ ಪಾದದ ಜೋಮಿನ ರೂಪದಲ್ಲೇ. ಒಂದೇ ಹೊತ್ತಿಗೆ ಎರಡು ಮೂರು ವಿಟಮಿನ್ ಮಾತ್ರೆ ತೆಗೆದುಕೊಳ್ಳುವವರು ಎಲ್ಲದರ ಬಿ6 ಕೂಡಿಸಿ ನೋಡಬೇಕು.

ಅದೇ ಸ್ಟ್ರಿಪ್ ಅಥವಾ ಡಬ್ಬಿಯ ಮೇಲೆ ಇನ್ನೊಂದು ಗುರುತು ಹುಡುಕಿ. ಔಷಧ ತಯಾರಿಕಾ ಪರವಾನಗಿಯ ಬದಲು ಎಫ್‌ಎಸ್‌ಎಸ್‌ಎಐ ಸಂಖ್ಯೆ ಇದ್ದರೆ ಅದು ಕಾನೂನಿನ ಲೆಕ್ಕದಲ್ಲಿ ಆಹಾರದ ಪೂರಕ. 2016ರ ನಿಯಮಾವಳಿಯ ಪ್ರಕಾರ ಅಂಥವುಗಳ ಮೇಲೆ ‘ನಾಟ್ ಫಾರ್ ಮೆಡಿಸಿನಲ್ ಯೂಸ್’ ಎಂದು ಮುದ್ರಿಸಲೇಬೇಕು. ಚಿಕಿತ್ಸೆಗಲ್ಲ ಎಂದು ಡಬ್ಬಿಯೇ ಹೇಳುತ್ತಿರುವಾಗ ಅದನ್ನು ಚಿಕಿತ್ಸೆಯೆಂದು ಮಾರುವವರ ಮಾತಿಗೆ ಕಿವಿಗೊಡಬೇಡಿ.

ವೈದ್ಯರೇ ಆಲ್ಫಾ ಲಿಪೊಯಿಕ್ ಆಸಿಡ್ ಬರೆದುಕೊಟ್ಟರೆ? ಆಗ 600 ಮಿಲಿಗ್ರಾಮಿನದೇ ಇದೆಯೇ ಎಂದು ಕೇಳಿ. ಊಟದ ಜೊತೆ ನುಂಗಿದರೆ ಮೈಗೆ ಹತ್ತುವುದು ಕಡಿಮೆ, ಬೆಳಿಗ್ಗೆ ತಿಂಡಿಗೆ ಅರ್ಧ ಗಂಟೆ ಮುಂಚೆ ಖಾಲಿ ಹೊಟ್ಟೆಯಲ್ಲಿ ತೆಗೆದುಕೊಳ್ಳಬೇಕು. ಶುರು ಮಾಡುವ ದಿನ ಉರಿಗೆ ಹತ್ತಕ್ಕೆ ಎಷ್ಟು ಅಂಕ ಎಂದು ಕ್ಯಾಲೆಂಡರಿನ ಮೇಲೆ ಬರೆದಿಡಿ. ಎರಡು ತಿಂಗಳ ಮೇಲೆ ಮತ್ತೆ ಬರೆಯಿರಿ. ಅಂಕ ಇಳಿದಿರದಿದ್ದರೆ ಮುಂದುವರಿಸಬೇಕೇ ಎಂದು ವೈದ್ಯರೊಡನೆ ಮಾತಾಡಿ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆಯ ಜೊತೆ ಇದು ಸೇರಿದಾಗ ಸಕ್ಕರೆ ತೀರಾ ಕೆಳಗಿಳಿಯುವ ಸಂಭವವಿದೆ. ತೀರಾ ಅಪರೂಪಕ್ಕೆ, ಕೆಲವರ ದೇಹ ತನ್ನದೇ ಇನ್ಸುಲಿನ್ ವಿರುದ್ಧ ಪ್ರತಿಕಾಯ ಹುಟ್ಟಿಸಿಕೊಂಡು ಪದೇಪದೇ ಸಕ್ಕರೆ ಕುಸಿಯುವ ತೊಂದರೆಯೂ ದಾಖಲಾಗಿದೆ. ಬೆವರು, ನಡುಕ, ತಲೆಸುತ್ತು ಬಂದರೆ ಆ ಗಳಿಗೆಯಲ್ಲೇ ಗ್ಲುಕೋಮೀಟರಿನಲ್ಲಿ ನೋಡಿ. ದಿನವೂ ಮದ್ಯ ಕುಡಿಯುವವರಲ್ಲಿ ಬಿ1 ವಿಟಮಿನ್ ಕೊರತೆ ಇರುವುದುಂಟು, ಅವರು ವೈದ್ಯರಿಗೆ ಮರೆಮಾಚದೆ ಹೇಳಿಯೇ ಇದನ್ನು ಶುರು ಮಾಡಬೇಕು.

ಉಳಿದ ಆ್ಯಂಟಿಆಕ್ಸಿಡೆಂಟ್‌ಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ವಿಟಮಿನ್ ಇ ಬಳಗದ ಟೋಕೋಟ್ರಿಯೆನಾಲ್ ಅನ್ನು ಮಲೇಷ್ಯಾದಲ್ಲಿ 300 ಮಂದಿಯ ಮೇಲೆ ಒಂದು ವರ್ಷ ಪರೀಕ್ಷಿಸಿದರು, 2018ರಲ್ಲಿ ಬಂದ ಫಲಿತಾಂಶದಲ್ಲಿ ನರದ ಒಟ್ಟು ಲಕ್ಷಣಗಳಿಗೆ ಪ್ರಯೋಜನ ಕಾಣಲಿಲ್ಲ. ಹೆಚ್ಚು ಪ್ರಮಾಣದ ವಿಟಮಿನ್ ಇ ನಿರುಪದ್ರವಿಯೂ ಅಲ್ಲ. 35,000ಕ್ಕೂ ಹೆಚ್ಚು ಗಂಡಸರನ್ನು ಒಳಗೊಂಡ ಸೆಲೆಕ್ಟ್ ಪ್ರಯೋಗದಲ್ಲಿ ದಿನಕ್ಕೆ 400 ಯೂನಿಟ್ ತೆಗೆದುಕೊಂಡವರಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಶೇ. 17ರಷ್ಟು ಹೆಚ್ಚಾಗಿ ಕಂಡಿತು. ಅಮೆರಿಕದ ಡಯಾಬಿಟಿಸ್ ಅಸೋಸಿಯೇಷನ್ ಸಕ್ಕರೆ ಕಾಯಿಲೆಯವರಿಗೆ ವಿಟಮಿನ್ ಇ, ಸಿ, ಕ್ಯಾರೋಟಿನ್ ಮಾತ್ರೆಗಳನ್ನು ವಾಡಿಕೆಯಾಗಿ ಕೊಡಬೇಡಿ ಎನ್ನುತ್ತದೆ. ಈರೋಡಿನ ಅರಿಸಿನ, ಮೂಲನೂರು ಕಡೆಯ ನುಗ್ಗೆ ಸೊಪ್ಪು, ನೆಲ್ಲಿಕಾಯಿ ಅಡುಗೆಯಲ್ಲಿ ಧಾರಾಳವಾಗಿ ಇರಲಿ. ಅದೇ ಅರಿಸಿನದ ಸಾರವನ್ನು ಮೆಣಸಿನ ಸಾರದ ಜೊತೆ ಕ್ಯಾಪ್ಸೂಲ್ ಮಾಡಿ ನುಂಗಿದವರಲ್ಲಿ ಯಕೃತ್ತಿಗೆ ಪೆಟ್ಟುಬಿದ್ದ ಪ್ರಕರಣಗಳಿವೆ. ಆವರಿಕೆ ಹೂವಿನ ಕಷಾಯ ಕುಡಿಯುತ್ತೇವೆಂದು ಶುಗರ್ ಮಾತ್ರೆ ಬಿಟ್ಟವರ ಬಗ್ಗೆ ನನಗೆ ನಿಜವಾದ ಆತಂಕವಿದೆ.

ನಾನು ಎಲ್ಲಕ್ಕಿಂತ ಒತ್ತಿ ಹೇಳಬೇಕಾದದ್ದು ಬಿ12 ಬಗ್ಗೆ. ಸಕ್ಕರೆ ಕಾಯಿಲೆಗೆ ಮೊದಲು ಬರೆಯುವ ಮಾತ್ರೆ ಸಾಮಾನ್ಯವಾಗಿ ಮೆಟ್‌ಫಾರ್ಮಿನ್. ಒಳ್ಳೆಯ ಔಷಧ, ನೀವಾಗಿಯೇ ನಿಲ್ಲಿಸಬಾರದು. ಆದರೆ ಅದು ಕರುಳಿನಲ್ಲಿ ಬಿ12 ಹೀರಿಕೆಯನ್ನು ತಗ್ಗಿಸುತ್ತದೆ. ನೆದರ್‌ಲ್ಯಾಂಡ್ಸಿನಲ್ಲಿ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಸುಮಾರು ನಾಲ್ಕು ವರ್ಷ ಮೆಟ್‌ಫಾರ್ಮಿನ್ ತೆಗೆದುಕೊಂಡವರ ಬಿ12 ಮಟ್ಟ ಶೇ. 19 ಇಳಿದಿತ್ತು. ಹೆಚ್ಚು ಡೋಸು, ಹೆಚ್ಚು ವರ್ಷ, ಶಾಕಾಹಾರ, ಜೊತೆಗೆ ದಿನವೂ ಗ್ಯಾಸಿನ ಮಾತ್ರೆ ಇಷ್ಟೂ ಸೇರಿದರೆ ಕೊರತೆ ಇನ್ನಷ್ಟು ಬೇಗ ಬರುತ್ತದೆ. ಬಿ12 ಕೊರತೆಯಿಂದಲೂ ಪಾದ ಜೋಮು ಹಿಡಿಯುತ್ತದೆ, ನಡಿಗೆ ತೂರಾಡುತ್ತದೆ. ಹೊರಗಿನಿಂದ ನೋಡಿದರೆ ಶುಗರಿನ ನರದ ತೊಂದರೆಗೂ ಇದಕ್ಕೂ ಗುರುತು ಹತ್ತುವುದಿಲ್ಲ. ವ್ಯತ್ಯಾಸವೇನೆಂದರೆ ಬಿ12 ಕೊರತೆಯನ್ನು ಬೇಗ ಹಿಡಿದರೆ ಸರಿಪಡಿಸಬಹುದು, ಬಿಟ್ಟರೆ ಬೆನ್ನುಹುರಿಯವರೆಗೂ ಹಾನಿ ಹೋಗುತ್ತದೆ. ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆ 2022ರಲ್ಲಿ, ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಲ್ಲಿ ಇಂಥ ಲಕ್ಷಣ ಕಂಡರೆ ಬಿ12 ನೋಡಿ, ಅಪಾಯವಿರುವವರಲ್ಲಿ ಆಗಾಗ ನೋಡುತ್ತಿರಿ ಎಂದು ವೈದ್ಯರಿಗೆ ಸೂಚಿಸಿತು.

ಆ ಕೆಂಪು ಕ್ಯಾಪ್ಸೂಲಿನಲ್ಲಿ ಬಿ12 ಇದ್ದೇ ಇದೆಯಲ್ಲ, ಅದೇ ಸರಿಮಾಡುತ್ತದೆ ಎನ್ನಬಹುದು. ಕೆಲವರಿಗೆ ಉರಿ ಕಡಿಮೆಯಾಗುವುದು ಬಹುಶಃ ಅದರಿಂದಲೇ. ಹಾಗಿದ್ದರೆ ಬೇಕಿರುವುದು ಬರಿಯ ಬಿ12, ಅದು ಮಿಶ್ರಣಕ್ಕಿಂತ ಅಗ್ಗ. ಪರೀಕ್ಷೆ ಮಾಡಿಸದೆ ಕ್ಯಾಪ್ಸೂಲ್ ಶುರು ಮಾಡಿದರೆ ಆಮೇಲೆ ರಕ್ತದಲ್ಲಿ ಬಿ12 ಅಂಕಿ ಏರಿ ಕೂತಿರುತ್ತದೆ, ಮೊದಲು ಕೊರತೆ ಇತ್ತೇ ಎಂಬುದು ಯಾರಿಗೂ ತಿಳಿಯುವುದಿಲ್ಲ. ಆದ್ದರಿಂದ ರಕ್ತ ಕೊಡುವುದು ಮೊದಲು, ಮಾತ್ರೆ ಆಮೇಲೆ. ಅಂಕಿ ಮಿಲಿಲೀಟರಿಗೆ 200 ಪೈಕೊಗ್ರಾಮಿಗಿಂತ ಕೆಳಗಿದ್ದರೆ ಕೊರತೆ ಖಚಿತವೆಂದೇ ಲೆಕ್ಕ. 200ರಿಂದ 300ರ ನಡುವೆ ಇದ್ದರೆ ಅನುಮಾನದ ವಲಯ, ಲಕ್ಷಣವಿದ್ದರೆ ವೈದ್ಯರು ಇನ್ನೊಂದು ಪರೀಕ್ಷೆ ಹೇಳಬಹುದು ಅಥವಾ ಚಿಕಿತ್ಸೆಯನ್ನೇ ಶುರು ಮಾಡಬಹುದು. ಅದೇ ಸೂಜಿಯಲ್ಲಿ ಥೈರಾಯ್ಡ್, ಕಿಡ್ನಿ ಪರೀಕ್ಷೆಗೂ ರಕ್ತ ಕೊಡಿ. ತೊಂದರೆ ಒಂದೇ ಕಾಲಿನಲ್ಲಿದ್ದರೆ, ಕೆಲವೇ ವಾರಗಳಲ್ಲಿ ಭರದಿಂದ ಏರಿದರೆ, ಉರಿಗಿಂತ ಬಲಹೀನತೆಯೇ ಹೆಚ್ಚಿದ್ದರೆ ಅಥವಾ ಚರ್ಮದ ಮೇಲೆ ಸ್ಪರ್ಶವಿಲ್ಲದ ಬಿಳಿ ಮಚ್ಚೆ ಇದ್ದರೆ ಶುಗರಿನ ತಲೆಗೆ ಕಟ್ಟಿ ಸುಮ್ಮನಾಗಬಾರದು. ಬೆನ್ನಿನ ನರ ಒತ್ತಿರಬಹುದು, ಕುಷ್ಠವೂ ಇರಬಹುದು, ಎರಡಕ್ಕೂ ಚಿಕಿತ್ಸೆ ಇದೆ.

ನರಕ್ಕೆ ನಿಜವಾದ ಕಾವಲು ಸಕ್ಕರೆಯ ಹತೋಟಿ. ಅಮೆರಿಕದ ಡಿಸಿಸಿಟಿ ಪ್ರಯೋಗ 1993ರಲ್ಲಿ ಟೈಪ್ 1 ಕಾಯಿಲೆಯವರಲ್ಲಿ ಬಿಗಿ ಹತೋಟಿ ನರದ ಹಾನಿಯನ್ನು ಶೇ. 60 ತಗ್ಗಿಸುತ್ತದೆಂದು ತೋರಿಸಿತು. ನಮ್ಮಲ್ಲಿ ಹೆಚ್ಚಾಗಿರುವ ಟೈಪ್ 2ರಲ್ಲಿ ಲಾಭ ಅಷ್ಟು ದೊಡ್ಡದಲ್ಲ, ಆದರೂ ಇದೆ. ಬಿಪಿ, ಕೊಬ್ಬು, ತೂಕ, ಬೀಡಿ ಸಿಗರೇಟು ಇವೂ ಅದರ ಜೊತೆಗೇ ಹತೋಟಿಗೆ ಬರಬೇಕು. ಮೂರು ತಿಂಗಳಿಗೊಮ್ಮೆ, ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿಎ1ಸಿ ನೋಡಿಸಿ. ವರ್ಷಾನುಗಟ್ಟಲೆ ಏರಿದ್ದ ಸಕ್ಕರೆಯನ್ನು ದಿಢೀರನೆ ಇಳಿಸಿದರೆ ಕೆಲವರಲ್ಲಿ ಉರಿ ತಾತ್ಕಾಲಿಕವಾಗಿ ಹೆಚ್ಚುತ್ತದೆ. ಇದು ತಿಳಿಯದೆ ‘ಇನ್ಸುಲಿನ್ ಹಾಕಿ ಕಾಲು ಕೆಟ್ಟಿತು’ ಎಂದು ಬಿಟ್ಟುಬಿಡುವವರಿದ್ದಾರೆ. ಬಿಡಬೇಡಿ, ವೈದ್ಯರಿಗೆ ಹೇಳಿ.

ನಿದ್ದೆಗೆಡಿಸುವ ಉರಿಗೆ ಬೇರೆ ಔಷಧಗಳಿವೆ: ಅಮಿಟ್ರಿಪ್ಟಿಲಿನ್, ಡುಲೊಕ್ಸೆಟಿನ್, ಪ್ರೀಗ್ಯಾಬಾಲಿನ್, ಗ್ಯಾಬಾಪೆಂಟಿನ್. ಬ್ರಿಟನ್ನಿನಲ್ಲಿ ನಡೆದು 2022ರಲ್ಲಿ ಪ್ರಕಟವಾದ ಆಪ್ಷನ್-ಡಿಎಂ ಪ್ರಯೋಗ ಮೊದಲ ಮೂರನ್ನು ಹೋಲಿಸಿ, ಯಾವುದರಿಂದ ಶುರು ಮಾಡಿದರೂ ನೋವು ಹೆಚ್ಚುಕಡಿಮೆ ಒಂದೇ ಸಮ ಇಳಿಯುತ್ತದೆ, ಸಾಲದಿದ್ದರೆ ಇನ್ನೊಂದನ್ನು ಸೇರಿಸಬಹುದು ಎಂದು ಕಂಡುಕೊಂಡಿತು. ಇವು ನರವನ್ನು ಸರಿಪಡಿಸುವುದಿಲ್ಲ, ನೋವನ್ನು ತಗ್ಗಿಸುತ್ತವೆ. ಮಂಪರು ಬರುವುದರಿಂದ ರಾತ್ರಿ ಶಿಫ್ಟಿನಲ್ಲಿ ಯಂತ್ರದ ಮುಂದೆ ನಿಲ್ಲುವವರು ತಮ್ಮ ಕೆಲಸದ ಹೊತ್ತನ್ನು ವೈದ್ಯರಿಗೆ ತಿಳಿಸಲೇಬೇಕು. ಚೀಟಿಯಿಲ್ಲದೆ ಇವನ್ನು ಕೊಂಡು ನುಂಗಬಾರದು.

ಉರಿಗಿಂತ ನಾನು ಹೆಚ್ಚು ಹೆದರುವುದು ಉರಿಯೇ ಇಲ್ಲದ ಪಾದಕ್ಕೆ. ನೋವು ನಿಂತಿತು, ವಾಸಿಯಾಯಿತು ಅಂದುಕೊಂಡ ಕಾಲಿನಲ್ಲಿ ಸ್ಪರ್ಶವೇ ಹೋಗಿರಬಹುದು. ಮನೆಯಲ್ಲೇ ಅರ್ಧ ನಿಮಿಷದಲ್ಲಿ ನೋಡುವ ವಿಧಾನವೊಂದನ್ನು ಇಂಗ್ಲೆಂಡಿನ ಇಪ್ಸ್‌ವಿಚ್ ಆಸ್ಪತ್ರೆಯವರು ರೂಪಿಸಿದ್ದಾರೆ. ಕಾಲು ಚಾಚಿ ಕುಳಿತು ಕಣ್ಣು ಮುಚ್ಚಿಕೊಳ್ಳಿ. ಮಗನೋ ಸೊಸೆಯೋ ತೋರುಬೆರಳ ತುದಿಯಿಂದ ನಿಮ್ಮ ಪ್ರತಿ ಪಾದದ ಹೆಬ್ಬೆರಳು, ನಡುಬೆರಳು, ಕಿರುಬೆರಳುಗಳ ತುದಿಯನ್ನು ಒಂದೊಂದಾಗಿ, ಕ್ರಮ ತಪ್ಪಿಸಿ, ಒಂದೆರಡು ಸೆಕೆಂಡು ಹಗುರಾಗಿ ಮುಟ್ಟಲಿ. ಒತ್ತಬಾರದು, ತಟ್ಟಬಾರದು, ಸವರಬಾರದು. ಮುಟ್ಟಿದ್ದು ತಿಳಿದಾಗ ‘ಬಲ’, ‘ಎಡ’ ಎನ್ನಿ. ಆರು ಸ್ಪರ್ಶಗಳಲ್ಲಿ ಎರಡು ಅಥವಾ ಹೆಚ್ಚು ತಪ್ಪಿದರೆ ಪಾದ ಅಪಾಯದಲ್ಲಿದೆ. ಆಸ್ಪತ್ರೆಯಲ್ಲಿ ಇದನ್ನೇ 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯಿಂದ, ಕಂಪಿಸುವ ಟ್ಯೂನಿಂಗ್ ಫೋರ್ಕ್‌ನಿಂದ ಇನ್ನಷ್ಟು ನಿಖರವಾಗಿ ನೋಡುತ್ತಾರೆ. ವರ್ಷಕ್ಕೊಮ್ಮೆಯಾದರೂ ಕೇಳಿ ಮಾಡಿಸಿಕೊಳ್ಳಿ.

ಸ್ಪರ್ಶ ತಗ್ಗಿದವರು ಬರಿಗಾಲಿನಲ್ಲಿ ನಡೆಯಬಾರದು, ಮನೆಯೊಳಗೂ. ಚಪ್ಪಲಿ ಹೊರಗೆ ಬಿಡಿಸುವ ಕಂಪನಿಯಲ್ಲಿ ನೆಲದ ಮೇಲೆ ಮುರಿದ ಸೂಜಿಯಿರಬಹುದು, ಒಳಗೆ ಹಾಕಲೆಂದೇ ಬೇರೆ ಜೊತೆ ಇಟ್ಟುಕೊಳ್ಳಲು ಸೂಪರ್‌ವೈಸರ್ ಹತ್ತಿರ ಕೇಳಿ. ಗುಂಡಿ ಮಗ್ಗದ ಹಲಗೆಯ ಅಂಚಿಗೆ, ಮೊಳೆ ಎದ್ದ ಕಡೆ ಬಟ್ಟೆ ಸುತ್ತಿ, ಕೆಲಸ ಮುಗಿದ ಕೂಡಲೇ ಅಂಗಾಲು ನೋಡಿಕೊಳ್ಳಿ. ಬಗ್ಗಲಾಗದಿದ್ದರೆ ನೆಲದ ಮೇಲೆ ಕನ್ನಡಿ ಇಟ್ಟುಕೊಳ್ಳಿ. ಎಂಸಿಆರ್ ಎಂದು ಕೇಳಿದರೆ ಸಿಗುವ ಮೆತ್ತನೆಯ ಅಡಿಯ, ಹಿಮ್ಮಡಿಗೆ ಪಟ್ಟಿಯಿರುವ ಚಪ್ಪಲಿ ಒಳ್ಳೆಯದು. ಬಿಸಿನೀರಿನಲ್ಲಿ ಕಾಲು ಅದ್ದಬೇಡಿ, ಆಣಿಯನ್ನು ಬ್ಲೇಡಿನಿಂದ ಕೊಯ್ಯಬೇಡಿ.

ದೇವರ ಕೆಲಸದ ಬಗ್ಗೆ ಹೇಳುವಾಗ ಮನಸ್ಸು ಅಳುಕುತ್ತದೆ, ಆದರೂ ಹೇಳಬೇಕು. ತೈಪೂಸಕ್ಕೆ ಪಳನಿಗೆ ಬರಿಗಾಲ ಪಾದಯಾತ್ರೆ, ಪೆರುಮಾನಲ್ಲೂರಿನ ಕೊಂಡತ್ತು ಕಾಳಿಯಮ್ಮನ, ಆನೈಮಲೈ ಮಾಸಾಣಿಯಮ್ಮನ ಕೆಂಡ ಹಾಯುವ ಹರಕೆ, ವಿಜಯದಶಮಿಯಂದು ದೇವಾಂಗರು ಕತ್ತಿ ಹಾಕುತ್ತ ಚೌಡೇಶ್ವರಿ ಅಮ್ಮನ ಗುಡಿಗೆ ಹೋಗುವ ಮೆರವಣಿಗೆ, ಇವೆಲ್ಲ ನಮ್ಮ ಜನರ ಜೀವದುಸಿರು. ಸ್ಪರ್ಶ ಹೋದ ಪಾದಕ್ಕೆ ಕಾದ ಕಲ್ಲು, ಕೆಂಡ, ಡಾಂಬರು ಸುಟ್ಟದ್ದೇ ತಿಳಿಯುವುದಿಲ್ಲ, ಬೊಬ್ಬೆ ಕಣ್ಣಿಗೆ ಬೀಳುವುದು ಮರುದಿನ. ಪರೀಕ್ಷೆಯಲ್ಲಿ ಎರಡು ಬೆರಳು ತಪ್ಪಿದವರು ಹರಕೆಯನ್ನು ಬೇರೆ ಸೇವೆಯಾಗಿ ತೀರಿಸಲಿ. ಗುಡಿಯೊಳಗೆ ದಪ್ಪ ಹತ್ತಿಯ ಕಾಲುಚೀಲ ಹಾಕಿಕೊಂಡು, ಬಿಸಿಲೇರುವ ಮುಂಚೆ ದರ್ಶನ ಮುಗಿಸಲಿ.

ಇಷ್ಟಕ್ಕೆಲ್ಲ ದೊಡ್ಡ ಖರ್ಚಿಲ್ಲ. ತಮಿಳುನಾಡು ಸರ್ಕಾರದ ‘ಮಕ್ಕಳೈ ತೇಡಿ ಮರುತ್ತುವಂ’ ಯೋಜನೆ 2021ರ ಆಗಸ್ಟ್ 5ರಂದು ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿಯಲ್ಲಿ ಶುರುವಾಯಿತು. ಶುಗರ್, ಬಿಪಿ ಮಾತ್ರೆಗಳನ್ನು ಮನೆ ಬಾಗಿಲಿಗೆ ತರುವ ಆರೋಗ್ಯ ಕಾರ್ಯಕರ್ತೆಗೆ ಕಾಲಿನ ಜೋಮಿನ ಬಗ್ಗೆಯೂ ಹೇಳಿ, ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಮೇಲಿನ ಆಸ್ಪತ್ರೆಗೆ ಚೀಟಿ ಪಡೆಯಿರಿ. ಕೊಯಮತ್ತೂರು ವೈದ್ಯಕೀಯ ಕಾಲೇಜು ಆಸ್ಪತ್ರೆಯಿದೆ, 2022ರ ಜನವರಿಯಲ್ಲಿ ಉದ್ಘಾಟನೆಯಾದ ತಿರುಪ್ಪೂರಿನ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ. ಸಂಬಳದಲ್ಲಿ ಇಎಸ್‌ಐ ಹಿಡಿಯುವ ಕಂಪನಿಯವರಿಗೆ ಕೊಯಮತ್ತೂರಿನ ಇಎಸ್‌ಐ ಆಸ್ಪತ್ರೆಯೂ ಉಂಟು. ಹೋಗುವಾಗ ನುಂಗುತ್ತಿರುವ ಎಲ್ಲ ಸ್ಟ್ರಿಪ್‌ಗಳನ್ನು, ನಾಟಿ ಪುಡಿಯ ಡಬ್ಬಿ ಸಹಿತ, ಒಂದು ಚೀಲದಲ್ಲಿ ಒಯ್ಯಿರಿ.

ಎರಡು ಸಂದರ್ಭಗಳಲ್ಲಿ ಚೀಟಿಗೆ ಕಾಯಬಾರದು. ಪಾದದಲ್ಲಿ ಹುಣ್ಣು, ಕೀವು, ಕಪ್ಪು ಬಣ್ಣ ಅಥವಾ ವಾಸನೆ ಕಂಡರೆ ನೋವಿಲ್ಲದಿದ್ದರೂ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಇನ್ನೊಂದು, ಗಾಯವೇ ಇಲ್ಲದೆ ಒಂದು ಪಾದ ಮಾತ್ರ ಊದಿ, ಕೆಂಪಾಗಿ, ಇನ್ನೊಂದಕ್ಕಿಂತ ಬಿಸಿಯಾಗಿದ್ದರೆ. ಇದು ಷಾರ್ಕೋ ಪಾದ ಇರಬಹುದು, ನರ ಸತ್ತ ಪಾದದ ಮೂಳೆಗಳು ಒಳಗೊಳಗೇ ಮುರಿಯುತ್ತಿರುತ್ತವೆ. ಉಳುಕೆಂದು ಎಣ್ಣೆ ಹಚ್ಚಿ ನೀವಿಸಬೇಡಿ, ಆ ಕಾಲಿನ ಮೇಲೆ ಭಾರ ಹಾಕಬೇಡಿ. ಆಟೋದಲ್ಲಿ ಕಾಲು ಚಾಚಿ ಕೂತು ಹೋಗಿ, ಎಕ್ಸ್‌ರೇ ತೆಗೆಸಿ, ಶುಗರ್ ಇದೆ ಎಂಬ ಮಾತನ್ನು ಮೊದಲಿಗೇ ಹೇಳಿ.